ಹದಿನಾಲ್ಕು ಮನೆಗಳ ಡಬ್ಬಿ

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಜೂನ್ ತಿಂಗಳ ಒಂದು ಸೋಮವಾರ, ಅಂಕೋಲೆಯಲ್ಲಿ ನನ್ನ ದವಾಖಾನೆಯ ಒಳಕೋಣೆಯಲ್ಲಿ ನಾವು ಐದು ಜನ ಇದ್ದೆವು. ಮೇಜಿನ ಈಚೆ ನಾನು. ಆಚೆ ಬೆಂಚಿನ ಮೇಲೆ ಭಾವಿಕೇರಿಯ ಕಡಲಬದಿಯ ನಾಗವೇಣಿ, ಅವಳ ಪಕ್ಕದಲ್ಲಿ ಅವಳ ಅತ್ತೆ ಗಿರಿಜಕ್ಕ. ತೂಕದ ಯಂತ್ರದ ಹತ್ತಿರ ನನ್ನ ಸಹಾಯಕಿ ಶೈಲಾ. ಯಂತ್ರದ ಮೇಲೆ, ಮೊಣಕಾಲು ಒಂದಕ್ಕೊಂದು ಒತ್ತಿಕೊಂಡು, ಎರಡು ವರ್ಷ ನಾಲ್ಕು ತಿಂಗಳ ಸಿಂಚನಾ.

ಅಷ್ಟೊತ್ತಿಗೆ ನಾನು ಮಕ್ಕಳ ಡಾಕ್ಟರಾಗಿ ಇಪ್ಪತ್ತೇಳು ವರ್ಷ ಕಳೆದಿದ್ದೆ. ಮೊದಲ ಹದಿನಾಲ್ಕು ವರ್ಷ ಕಾರವಾರದಲ್ಲಿ ಸರಕಾರಿ ನೌಕರಿ, ಆಮೇಲೆ ಊರಿಗೆ ಬಂದು ಸ್ವಂತ ದವಾಖಾನೆ. ಹೊಟ್ಟೆಗಿಲ್ಲದೆ ಸೊರಗಿದ ಮಕ್ಕಳನ್ನು ನೋಡಿ ನೋಡಿ ನನ್ನ ಕಣ್ಣು ಪಳಗಿತ್ತು. ತೂಕ ಹೆಚ್ಚಾದ ಮಕ್ಕಳನ್ನು ನೋಡಲು ಪಳಗಿರಲಿಲ್ಲ.

ಗಿರಿಜಕ್ಕ ನನಗೆ ಹೊಸಬಳಲ್ಲ. ನಾನು ಊರಿಗೆ ಬಂದಾಗಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಮನೆಯ ಬಾಗಿಲಿಗೆ ಮೀನು ತರುತ್ತಿದ್ದವಳು. ಬಂಗಡೆಯ ಕಿವಿರು ಎತ್ತಿ ತೋರಿಸುತ್ತಾ, ಅಮ್ಮಾ ಎನ್ನುವ ಬದಲು ನಮ್ಮ ಕಡೆಯ ಹಾಗೆ ಬಾಯಿ ಎಂದು ಕರೆದು, "ನೋಡಿ ಬಾಯಿ, ನಿಮ್ ಕುಂಕುಮಕ್ಕಿಂತ ಕೆಂಪ್ ಅದೆ" ಎನ್ನುವವಳು. ಆ ದಿನ ಮಾತ್ರ ಅವಳು ಬಾಯಿ ಬಿಡಲಿಲ್ಲ.

ಯಂತ್ರ ಇಪ್ಪತ್ತೆಂಟು ಕಿಲೋ ನಾನೂರು ಗ್ರಾಂ ತೋರಿಸಿತು. ಶೈಲಾ ಮಗುವನ್ನು ಇಳಿಸಿ ತಾನೇ ಯಂತ್ರದ ಮೇಲೆ ನಿಂತಳು. ಯಂತ್ರ ಸರಿಯಾಗಿಯೇ ಇತ್ತು. ಮಗುವನ್ನು ಮತ್ತೆ ಹತ್ತಿಸಿದಳು. ಅದೇ ಇಪ್ಪತ್ತೆಂಟು ನಾನೂರು. ಆ ವಯಸ್ಸಿಗೆ ಹನ್ನೆರಡು ಕಿಲೋ ಇದ್ದರೆ ಸಾಕು. ನಾಗವೇಣಿ ತಂದಿದ್ದ ತಾಯಿ-ಮಗುವಿನ ಕಾರ್ಡು ತೆರೆದು ನೋಡಿದೆ. ಹುಟ್ಟಿದಾಗ ಮೂರು ಕಿಲೋ ನೂರು. ಎಲ್ಲ ಮಕ್ಕಳ ಹಾಗೆ. ಆರು ತಿಂಗಳಿಗೇ ಹನ್ನೆರಡು. ಕಾರ್ಡಿನಲ್ಲಿ ಛಾಪಿಸಿದ ಗೆರೆಗಳನ್ನು ದಾಟಿ ಚುಕ್ಕೆಗಳು ಕಾಗದದ ಅಂಚಿಗೆ ಹೋಗಿದ್ದವು. ಆಮೇಲೆ ಯಾರೂ ಚುಕ್ಕೆ ಇಟ್ಟಿರಲಿಲ್ಲ, ಇಡಲು ಜಾಗವೇ ಇರಲಿಲ್ಲ.

ನಾನು ಆ ದಿನ ಏನು ಮಾಡಿದೆ ಎಂದು ಬರೆಯದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಬೈದೆ. "ಮುದ್ದಿಗೆ ಮಿತಿ ಬೇಡವೇ? ಇದು ಪ್ರೀತಿಯೋ, ಮಗುವನ್ನು ಕೊಲ್ಲುವ ದಾರಿಯೋ?" ಎಂದೆ. ಬಿಸ್ಕತ್ತು, ಬ್ರೆಡ್ಡು, ಎಣ್ಣೆ ತಿಂಡಿ ಎಲ್ಲ ಬಂದ್ ಎಂದೆ.

ನಾಗವೇಣಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ನಾ ಕೊಡೂದಲ್ಲಾ ಡಾಕ್ಟ್ರಬಾಯಿ. ತಿಂದ್ ಕೈ ತೊಳೂದ್ರೊಳಗೆ ಅದ್ಕೆ ಮತ್ತೆ ಹಸಿವು ಬತ್ತದೆ."

"ಹಸಿವೆ ಅಲ್ಲ, ರೂಢಿ" ಎಂದೆ. ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆದೆ, ಬೆಳಿಗ್ಗೆ ಇಷ್ಟು ಮಧ್ಯಾಹ್ನ ಇಷ್ಟು ಎಂದು ಒಂದು ಚೀಟಿ ಬರೆದು ಕೊಟ್ಟೆ. ಮಗು ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ ಶೈಲಾಳ ಚೀಲವನ್ನೇ ನೋಡುತ್ತಿತ್ತು. ಅದರೊಳಗೆ ಅವಳ ಊಟದ ಡಬ್ಬಿ ಇತ್ತು. ನೋಡಿದೆ. ನೋಡಿಯೂ ಏನೂ ತಿಳಿಯಲಿಲ್ಲ.

ಥೈರಾಯ್ಡ್ ಸರಿಯಾಗಿತ್ತು. ಜುಲೈಯಲ್ಲಿ ತೂಕ ಮೂವತ್ತು ದಾಟಿತು. ಆಗಸ್ಟಿನಲ್ಲಿ ಮೂವತ್ತೊಂದೂವರೆ. ಪ್ರತಿ ಸಲವೂ ನಾನು ಚೀಟಿಯಲ್ಲಿ ಒಂದೊಂದು ಸಾಲು ಹೊಡೆದುಹಾಕುತ್ತಾ ಬಂದೆ. ಸೆಪ್ಟೆಂಬರಿನಲ್ಲಿ ನಾಗವೇಣಿ ಒಬ್ಬಳೇ ಬಂದಳು. ಬಲ ಮುಂಗೈ ಮೇಲೆ ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ನೀಲಿಗಟ್ಟಿತ್ತು.

"ಅನ್ನದ ಪಾತ್ರೆ ಕಸಕಂಡೆ, ಕಚ್ತು" ಎಂದಳು. "ನಿನ್ನೆ ನಾ ಅದ್ನ ಬಲೆ ಹಗ್ಗದಾಗೆ ಕಂಬಕ್ಕೆ ಕಟ್ಟಿ ಹಾಕ್ದೆ ಡಾಕ್ಟ್ರಬಾಯಿ. ಮೀನಿನ ಬುಟ್ಟಿ ತಕಂಡ್ ಪೇಟೆಗೆ ಹೋಗೂಕೆ ಬೇಕಿತ್ತು. ತಿರ್ಗಿ ಬರೂದ್ರೊಳಗೆ ಕೇರಿಯವ್ರು ಬಿಚ್ಚಿ ಅನ್ನ ಹಾಕಿದ್ರು. ಮಲತಾಯಿನಾದ್ರೂ ಹೀಂಗೆ ಮಾಡೂದಿಲ್ಲಾ ಅಂದ್ರು."

ಆ ಕೇರಿಯ ರೀತಿಯನ್ನು ಇಲ್ಲಿ ಹೇಳಬೇಕು. ಕಡಲಿಗೆ ಮುಖ ಮಾಡಿದ ಹದಿನಾಲ್ಕು ಮನೆ. ಗಂಡಸರು ದೋಣಿಯ ಮೇಲೆ, ಹೆಂಗಸರು ಪೇಟೆಯಲ್ಲಿ. ಸಿಂಚನಾಳ ತಂದೆ ಗಣಪತಿ ಕಾರವಾರದ ಬಂದರಿನಿಂದ ಹೊರಡುವ ದೊಡ್ಡ ಬೋಟಿನಲ್ಲಿ ದುಡಿಯುತ್ತಿದ್ದ, ಮನೆಗೆ ಬರುವುದು ವಾರಕ್ಕೊಮ್ಮೆ. ಹಾಗಾಗಿ ಮಕ್ಕಳನ್ನು ಸಾಕುವುದು ಒಂದು ಮನೆಯ ಕೆಲಸವಲ್ಲ. ಮಗು ಯಾರ ಅಂಗಳದಲ್ಲಿ ನಿಂತು ಹಸಿವೆ ಎನ್ನುತ್ತದೋ ಅವರು ಉಣ್ಣಿಸಬೇಕು. ಯಾರ ಮಗು, ಆಗಲೇ ಉಂಡಿತೋ ಇಲ್ಲವೋ ಎಂದು ಕೇಳುವುದೇ ಅವಮಾನ. ಕಡಲು ಯಾವ ದಿನ ಯಾರ ಮನೆಯ ಗಂಡಸನ್ನು ಇಟ್ಟುಕೊಳ್ಳುತ್ತದೆ ಎಂದು ತಿಳಿಯದ ಜನ ಕಟ್ಟಿಕೊಂಡ ಕಟ್ಟಳೆ ಅದು. ನನ್ನ ಚೀಟಿ ಒಂದು ಮನೆಗೆ ಬರೆದದ್ದು. ಮಗು ಉಣ್ಣುತ್ತಿದ್ದದ್ದು ಹದಿನಾಲ್ಕು ಮನೆಯಲ್ಲಿ.

ಮುಂದಿನ ಭಾನುವಾರ ಬೆಳಿಗ್ಗೆ ನಾನೇ ಭಾವಿಕೇರಿಗೆ ಹೋದೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮನೆಗಳ ಮುಂದೆ ಚಾಪೆಯ ಮೇಲೆ ಉಪ್ಪು ಹಾಕಿದ ಶೆಟ್ಲಿ, ಅಂದರೆ ಸಿಗಡಿ, ಒಣಗುತ್ತಿತ್ತು. ಒಂದು ಚಾಪೆಯ ಅಂಚಿನಲ್ಲಿ ಸಿಂಚನಾ ಕುಳಿತಿದ್ದಳು. ಅರ್ಧ ಒಣಗಿದ ಹಸಿ ಶೆಟ್ಲಿಯನ್ನು ಸಿಪ್ಪೆ, ಮರಳು ಸಮೇತ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಉಪ್ಪಿಗೆ ತುಟಿ ಒಡೆದು ರಕ್ತ ಜಿನುಗಿತ್ತು. ಕಣ್ಣಲ್ಲಿ ಧಾರೆ ಧಾರೆ ನೀರು. ಅಳುತ್ತಿದ್ದಳು, ಆದರೆ ಕೈ ನಿಲ್ಲಿಸಲಿಲ್ಲ. ಅಳುತ್ತಲೇ ತಿನ್ನುತ್ತಿದ್ದಳು.

ಆಸೆಬುರುಕ ಮಕ್ಕಳನ್ನು ನಾನು ಸಾಕಷ್ಟು ನೋಡಿದ್ದೇನೆ. ಆಸೆಯಿಂದ ತಿನ್ನುವ ಮಗು ಅಳುವುದಿಲ್ಲ. ಶೆಟಗೇರಿಯ ನನ್ನ ಅಜ್ಜಿ ಹೇಳುತ್ತಿದ್ದಳು, ಮಕ್ಕಳು ಎಲ್ಲದಕ್ಕೂ ಸುಳ್ಳು ಅಳಬಹುದು, ಹಸಿವೆಗೆ ಸುಳ್ಳು ಅಳುವುದಿಲ್ಲ ಎಂದು. ಅಜ್ಜಿಯ ಆ ಮಾತು ಅಲ್ಲಿ, ಆ ಚಾಪೆಯ ಮುಂದೆ ನೆನಪಾಯಿತು. ನಾಗವೇಣಿ ಜೂನ್ ತಿಂಗಳಿನಲ್ಲೇ ನನಗೆ ರೋಗದ ಹೆಸರೊಂದು ಬಿಟ್ಟು ಎಲ್ಲವನ್ನೂ ಹೇಳಿದ್ದಳು.

ಅಂದೇ ಬೆಂಗಳೂರಿನಲ್ಲಿದ್ದ ನನ್ನ ಸಹಪಾಠಿಗೆ ಫೋನ್ ಮಾಡಿದೆ. ಅವಳು ಮಕ್ಕಳ ಹಾರ್ಮೋನ್ ರೋಗಗಳ ತಜ್ಞೆ. ಹುಟ್ಟಿದಾಗಿನ ತೂಕ, ಆರು ತಿಂಗಳ ತೂಕ, ಶೆಟ್ಲಿಯ ಚಾಪೆ ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು: "ತಂದೆ ತಾಯಿ ಸಂಬಂಧಿಕರಾ?"

ಹೌದು. ನಾಗವೇಣಿ ಗಿರಿಜಕ್ಕನ ತಮ್ಮನ ಮಗಳು, ಹಣಕೋಣದ ಹೊಳೆಬದಿಯ ಮನೆಯವಳು. ಸೋದರತ್ತೆಯ ಮಗನಿಗೇ ಕೊಟ್ಟಿದ್ದರು. ನಮ್ಮ ಕಡೆ ಇದು ವಿಶೇಷವೇನಲ್ಲ. ರಕ್ತ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸಿದೆ. ಹನ್ನೆರಡು ದಿನಕ್ಕೆ ಮೊದಲ ವರದಿ ಬಂತು. ಲೆಪ್ಟಿನ್ ಎಂಬ ಹಾರ್ಮೋನು ಯಂತ್ರಕ್ಕೆ ಸಿಗುವಷ್ಟೂ ಇರಲಿಲ್ಲ. ಜೀನ್ ಪರೀಕ್ಷೆಯ ವರದಿ ಬರುವಾಗ ದೀಪಾವಳಿ ಕಳೆದಿತ್ತು. ಅದೂ ಅದನ್ನೇ ಹೇಳಿತು.

ಲೆಪ್ಟಿನ್ ಎಂದರೇನು ಎಂದು ಸ್ವಲ್ಪದರಲ್ಲಿ ಹೇಳುತ್ತೇನೆ. ನಮ್ಮ ಮೈಯ ಕೊಬ್ಬು ಸುಮ್ಮನೆ ಕುಳಿತ ಮೂಟೆಯಲ್ಲ. ಅದು ಪ್ರತಿಕ್ಷಣ ರಕ್ತದ ಮೂಲಕ ಮೆದುಳಿಗೆ ಸುದ್ದಿ ಕಳಿಸುತ್ತದೆ: ಇಲ್ಲಿ ಸಂಗ್ರಹ ಇದೆ, ಹೆದರಬೇಡ. ಆ ಸುದ್ದಿಯೇ ಲೆಪ್ಟಿನ್. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗದಲ್ಲಿ ಎರಡು ಬಗೆಯ ನರಕೋಶಗಳಿವೆ, ಹಸಿವೆಯನ್ನು ಎಬ್ಬಿಸುವಂಥವು ಮತ್ತು ಮಲಗಿಸುವಂಥವು. ಲೆಪ್ಟಿನ್ ಮೊದಲಿನದನ್ನು ಸುಮ್ಮನಾಗಿಸಿ ಎರಡನೆಯದಕ್ಕೆ ಬಲ ಕೊಡುತ್ತದೆ. ಸಿಂಚನಾಳ ಜೀನಿನಲ್ಲಿ ಒಂದು ಅಕ್ಷರದ ತಪ್ಪಿನಿಂದ ಆ ಸುದ್ದಿ ಹೊರಡುತ್ತಲೇ ಇರಲಿಲ್ಲ. ಹಸಿವೆಯನ್ನು ಎಬ್ಬಿಸುವ ಕೋಶಗಳು ಹುಟ್ಟಿದ ಕೆಲವೇ ವಾರಗಳಿಂದ ಒಂದು ಗಳಿಗೆಯೂ ಮಲಗಿರಲಿಲ್ಲ. ಮೂವತ್ತೊಂದು ಕಿಲೋ ಮೈಯೊಳಗಿನ ಮೆದುಳು, ನಾನು ಉಪವಾಸ ಸಾಯುತ್ತಿದ್ದೇನೆ ಎಂದು ನಂಬಿತ್ತು. ನಾವು ರೂಢಿ ಎಂದು ಕರೆದದ್ದು ಅವಳ ಪಾಲಿಗೆ ಬರಗಾಲ. ಇಂಥ ಮಕ್ಕಳಿಗೆ ಸೋಂಕನ್ನು ಎದುರಿಸುವ ಶಕ್ತಿಯೂ ಕಡಿಮೆ. ಜತೆಗೆ ಕೊಬ್ಬು ಎದೆಯನ್ನು ಒತ್ತಿ ಉಸಿರು ಕಟ್ಟುತ್ತದೆ. ಅವಳು ಮಲಗಿದಾಗ ಉಸಿರು ನಿಂತು ನಿಂತು ಬರುವುದನ್ನು ನಾನೇ ನೋಡಿದ್ದೆ. ತೂಕ ಹೀಗೇ ಏರಿದರೆ ಒಂದು ಸಾಮಾನ್ಯ ಜ್ವರ ಸಾಕಾಗಿತ್ತು.

ವರದಿ ಹಿಡಿದು ಮೂವರನ್ನೂ ಕರೆಸಿದೆ. ಗಣಪತಿ ಬೋಟಿನಿಂದ ಇಳಿದು ಕಾರವಾರದಿಂದ ನೇರ ಬಂದಿದ್ದ, ಅಂಗಿಯಲ್ಲಿ ಡೀಸೆಲ್ ವಾಸನೆ. ನಾನು ಹೇಳಿ ಮುಗಿಸಿದ ಮೇಲೆ ನಾಗವೇಣಿ ಕೇಳಿದಳು.

"ಹಾಂಗಾರೆ ನಾ ತಿನ್ಸಿ ಕೆಡ್ಸಿದ್ದಲ್ಲಾ?"

"ಅಲ್ಲ. ತಪ್ಪು ನನ್ನದು. ನಿನಗೆ ಬೈದದ್ದು ತಪ್ಪು."

ಅವಳು ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಗಣಪತಿ, "ಔಷಧ ಅದ್ಯಾ?" ಎಂದ. ಇದೆ ಎಂದೆ. ಲೆಪ್ಟಿನ್ನನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿ ದಿನಕ್ಕೊಂದು ಇಂಜೆಕ್ಷನ್ ಕೊಡುತ್ತಾರೆ, ಕೊಟ್ಟ ಮಕ್ಕಳು ಕೆಲವೇ ದಿನಗಳಲ್ಲಿ ತಟ್ಟೆಯಲ್ಲಿ ಅನ್ನ ಬಿಡಲು ಕಲಿಯುತ್ತಾರೆ. ಆದರೆ ಅದು ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೊರದೇಶದ ತಯಾರಕರಿಗೆ ಅರ್ಜಿ ಬರೆದು, ವಿಶೇಷ ಅನುಮತಿ ಪಡೆದು ತರಿಸಬೇಕು. ನನ್ನ ಸಹಪಾಠಿ ಅರ್ಜಿ ಶುರುಮಾಡಿದ್ದಳು. ಎಷ್ಟು ತಿಂಗಳು ಎಂದು ಅವಳಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ತೂಕ ಏರದಂತೆ ಹಿಡಿಯಬೇಕು, ಮಗುವನ್ನು ಉಳಿಸಿಕೊಳ್ಳಲು ಇದ್ದದ್ದು ಅದೊಂದೇ ದಾರಿ.

ಆಗ ಗಿರಿಜಕ್ಕ, ಆ ಜೂನ್ ತಿಂಗಳಿನಿಂದ ಈಚೆಗೆ ಇದೇ ಮೊದಲ ಸಲ, ನನ್ನ ಕೋಣೆಯಲ್ಲಿ ಬಾಯಿ ಬಿಟ್ಟಳು.

"ಇದು ಮೊದ್ಲೂ ಆಗಿರೂಕೆ ಸಾಕಾ ಬಾಯಿ, ನಮ್ಮನಿಯಾಗೆ?"

"ಯಾಕೆ ಗಿರಿಜಕ್ಕ?"

"ನಂಗೊಂದ್ ಹುಡ್ಗಿ ಇತ್ತು. ಸುಶೀಲಾ. ಈ ಗಣಪತಿಗಿಂತ ದೊಡ್ಡದು. ಹೀಂಗೇ ಇತ್ತು. ಕೇರಿಯವ್ರು ದಪ್ಪ ಬಟ್ಲ ಬಾಳೆಕಾಯಿ ಅಂತ ಚಾಷ್ಟಿ ಮಾಡಿ ನಗೂರು. ಆಗಿನ ಡಾಕ್ಟ್ರು ಬಾಯಿ ಕಟ್ಸು ಅಂದ್ರು. ಕಟ್ಸಿದೆ. ನಾಕ್ ವರ್ಷಕ್ಕೆ ಆಷಾಢದ ಜ್ವರ ಬಂತು. ಕಡೆಗೂ ಗಂಜಿ ಕೇಳ್ತು. ಡಾಕ್ಟ್ರು ಹೇಳಿದಾರೆ ಅಂತ ನಾ ಕೊಡ್ಲಿಲ್ಲಾ."

ಗಣಪತಿ ತಾಯಿಯನ್ನೇ ನೋಡುತ್ತಿದ್ದ. ತನಗೆ ಅಕ್ಕ ಇದ್ದಳೆಂದು ಅವನಿಗೆ ಗೊತ್ತಿತ್ತು, ಹೇಗೆ ಹೋದಳೆಂದು ಗೊತ್ತಿರಲಿಲ್ಲ.

"ಆಮೇಲೆ ನಂಗೆ ಮಕ್ಕಳಿಗೆ ಇಲ್ಲಾ ಅನ್ನೂಕೆ ಬರೂದಿಲ್ಲಾ ಬಾಯಿ" ಎಂದಳು ಗಿರಿಜಕ್ಕ. "ನಾಗು ಅಡಿಗೆಮನಿಗೆ ಬೀಗ ಹಾಕೂದು, ನಾ ತೆಗೂದು. ನೀವು ಮೊದ್ಲ ಚೀಟಿ ಬರ್ಕೊಟ್ರಲಾ, ಅದು ಮನೆ ಮುಟ್ಟೂದ್ರೊಳಗೆ ಬಸ್‍ಸ್ಟ್ಯಾಂಡಾಗೆ ನಾ ಅದ್ಕೆ ನಾಕ್ ಇಡ್ಲಿ ಕೊಡ್ಸಿದ್ದೆ."

ನಾಗವೇಣಿ ಗೋಡೆಯಿಂದ ಮುಖ ತಿರುಗಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಬಂದು ಅತ್ತೆಯ ಪಕ್ಕ ಮೊದಲಿಗಿಂತ ಹತ್ತಿರ ಕುಳಿತಳು, ಅಷ್ಟೇ. ನಾನು ಮೇಜಿನ ಮೇಲಿನ ನನ್ನ ಚೀಟಿಗಳನ್ನು ನೋಡಿದೆ. ನಲವತ್ತು ವರ್ಷದ ಹಿಂದೆ ಯಾರೋ ಡಾಕ್ಟರು ಹೇಳಿದ್ದನ್ನೇ ನಾನು ಒಳ್ಳೆಯ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ.

ಕೇರಿಗೆ ತಿಳಿಸದೆ ಇನ್ನು ದಾರಿಯಿರಲಿಲ್ಲ. ಮರುವಾರ ಬಲೆ ಇಡುವ ಚಪ್ಪರದ ಕೆಳಗೆ ಹದಿನಾಲ್ಕು ಮನೆಯವರೂ ಸೇರಿದರು. ನಾನು ಜೀನು, ಮೆದುಳು, ಲೆಪ್ಟಿನ್ ಎಂದು ನನಗೆ ಬಂದಂತೆ ಹೇಳಿದೆ. ಕೇಳಿಸಿಕೊಂಡರು, ಒಪ್ಪಲಿಲ್ಲ. ಕೇರಿಯ ಹಿರಿಯ ಹಮ್ಮಣ್ಣ, ಬಲೆ ಎಳೆಯುವಾಗ ಮುಂದಾಳಾಗಿ ನಿಲ್ಲುವವನು, ಬೀಡಿ ಆರಿಸಿ ಕೇಳಿದ:

"ಅಲ್ರಾ ಬಾಯಿ, ಹಸಿದ್ ಮಗುಗೆ ಇಲ್ಲಾ ಅನ್ನಿ ಅಂತ ಹೇಳೂಕೆ ಅಂಕೋಲಿಂದ ಗಾಡಿ ಮಾಡ್ಕಂಡ್ ಬಂದ್ರಾ? ನಮ್ಮಾಗೆ ನಾಯಿಗೂ ಹಾಂಗೆ ಅನ್ನೂದಿಲ್ಲಾ."

ಹಿಂದಿನಿಂದ ಒಬ್ಬ ಹೆಂಗಸು, "ನಾಗುಗೆ ಮಗು ಹೊತ್ಕಂಡ್ ತಿರ್ಗೂಕೆ ಭಾರ ಆತದೆ, ಅದ್ಕೇ ಡಾಕ್ಟ್ರನ್ನ ಕರ್ಕಂಡ್ ಬಂದಾಳೆ" ಎಂದಳು. ಕೆಲವರು ನಕ್ಕರು.

ಗಿರಿಜಕ್ಕ ಎದ್ದು ನಿಂತಳು. "ನಗಿ" ಎಂದಳು. "ನನ್ ಸುಶೀಲಂಗೂ ನಕ್ಕಿದ್ರಿ. ಅದ್ನ ನಾ ಉಪಾಸ ಹಾಕಿ ಕಳ್ಸಿದೆ. ಇದ್ನ ಉಣ್ಸಿ ಕಳ್ಸೂದು ನೀವು. ಕಡೆಗೆ ಹೊತ್ಕಂಡ್ ಹೋಗೂಕೆ ನಾಕ್ ಜನ ಸಾಕಾಗೂದಿಲ್ಲಾ, ಎಲ್ರೂ ಬನ್ನಿ."

ಹಮ್ಮಣ್ಣ ಬಹಳ ಹೊತ್ತು ಮರಳಿನಲ್ಲಿ ಬೆರಳಾಡಿಸುತ್ತಾ ಕುಳಿತಿದ್ದ. ಆಮೇಲೆ ಅವನು ಹೇಳಿದ ಮಾತನ್ನು ನನ್ನ ಸಹಪಾಠಿಯೂ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಾಳೆ.

"ಇಲ್ಲಾ ಅನ್ನೂದು ನಮ್ ಬಾಯಾಗೆ ಬರೂದಿಲ್ಲಾ ಬಾಯಿ. ಆದ್ರೆ ಪಾಲು ಹಾಕೂದು ಬತ್ತದೆ."

ರಂಪಣಿ ಎಂದರೆ ದಡದಲ್ಲಿ ನಿಂತು ಊರೆಲ್ಲ ಸೇರಿ ಎಳೆಯುವ ದೊಡ್ಡ ಬಲೆ. ಈಗ ಅಪರೂಪ. ಆದರೆ ಅದರ ನ್ಯಾಯ ಆ ಕೇರಿಯಲ್ಲಿ ಹೋಗಿಲ್ಲ: ಹಗ್ಗ ಮುಟ್ಟಿದ ಪ್ರತಿ ಕೈಗೂ ಒಂದು ಪಾಲು, ಯಾರ ಪಾಲಿಗೂ ಇನ್ನೊಬ್ಬರು ಸೇರಿಸುವಂತಿಲ್ಲ, ಯಾರ ಪಾಲಿನಿಂದಲೂ ತೆಗೆಯುವಂತಿಲ್ಲ. ಹಮ್ಮಣ್ಣ ಅದನ್ನೇ ಹಿಡಿದ. ಮಗುವಿನ ಇಡೀ ದಿನದ ಊಟವನ್ನು ನಾಗವೇಣಿ ಬೆಳಿಗ್ಗೆಯೇ ನಾನು ಹೇಳಿದ ಅಳತೆಯಲ್ಲಿ ಒಂದು ಸ್ಟೀಲ್ ಡಬ್ಬಿಗೆ ತುಂಬಿಡಬೇಕು. ಮಗು ಯಾವ ಅಂಗಳಕ್ಕೆ ಹೋದರೆ ಡಬ್ಬಿಯೂ ಆ ಮನೆಗೆ ಹೋಗಬೇಕು. ಕೇಳಿದರೆ ಆ ಮನೆಯವರೇ ಬಡಿಸಬೇಕು, ಡಬ್ಬಿಯಿಂದ, ಒಂದು ಸಣ್ಣ ವಾಟಿ. ಹೀಗೆ ಮಾಡಿದರೆ ಯಾವ ಮನೆಯೂ ಮಗುವಿಗೆ ಇಲ್ಲ ಎಂದಂತಾಗುವುದಿಲ್ಲ. ಡಬ್ಬಿ ಬಿಟ್ಟು ಬೇರೆ ಕೊಟ್ಟವರು ಪಾಲು ಮುರಿದವರು.

"ಪಾಲು ಮುರ್ದವ್ನ ನಾವು ಹಗ್ಗಕ್ಕೆ ಸೇರ್ಸೂದಿಲ್ಲಾ" ಎಂದು ಹಮ್ಮಣ್ಣ ಎಲ್ಲರ ಮುಖ ನೋಡಿದ. ನನ್ನ ಇಪ್ಪತ್ತೇಳು ವರ್ಷದ ವೃತ್ತಿಯಲ್ಲಿ ಅಷ್ಟು ಬಲವಾದ ಚೀಟಿಯನ್ನು ನಾನು ಬರೆದುಕೊಟ್ಟಿರಲಿಲ್ಲ.

ಅದು ನಡೆಯಿತು. ನಾನು ತಿಂಗಳಿಗೆರಡು ಸಲ ಹೋದಾಗೆಲ್ಲ ಬೇಲಿಯಿಂದ ಬೇಲಿಗೆ ಕೂಗು ಕೇಳುತ್ತಿತ್ತು: "ಏ ಮಾರಾಯ್ತಿ, ಡಬ್ಬಿ ಎಲ್ಲದೆ?" "ಹಮ್ಮಣ್ಣನ ಮನಿಯಾಗೆ!" "ಬೇಗ ಕಳ್ಸು, ಪೋರಿ ಇಲ್ಲ್ ಬಂತು!" ಡಿಸೆಂಬರಿನಿಂದ ಮೇ ವರೆಗೆ, ಐದು ತಿಂಗಳಲ್ಲಿ, ಸಿಂಚನಾಳ ತೂಕ ಏರಿದ್ದು ಮುನ್ನೂರು ಗ್ರಾಂ ಮಾತ್ರ. ಮೂವತ್ಮೂರು ಆರುನೂರರಿಂದ ಮೂವತ್ಮೂರು ಒಂಬೈನೂರು. ಫೋನಿನಲ್ಲಿ ನನ್ನ ಸಹಪಾಠಿ ನಂಬಲಿಲ್ಲ. "ಔಷಧ ಇಲ್ಲದೆ ಇದು ಆಗೋದಿಲ್ಲ" ಎಂದಳು. ಆಗಿತ್ತು.

ಆದರೆ ಅದನ್ನು ಗೆಲುವು ಎಂದು ನಾನು ಬರೆಯಲಾರೆ. ಡಬ್ಬಿ ತೂಕವನ್ನು ಹಿಡಿಯಿತು, ಹಸಿವೆಯನ್ನಲ್ಲ. ಮೆದುಳಿನೊಳಗಿನ ಆ ಕೋಶಗಳಿಗೆ ಪಾಲಿನ ನ್ಯಾಯ ಗೊತ್ತಿಲ್ಲ. ಸಂಜೆಯಾಗುವುದರೊಳಗೆ ಡಬ್ಬಿ ಖಾಲಿಯಾಗುತ್ತಿತ್ತು. ಮಗು ಅದರ ಮುಚ್ಚಳ ತೆಗೆದು ನೋಡಿ, ಒಳಗೆ ಕೈ ಸವರಿ, ಬೆರಳು ನೆಕ್ಕಿ, "ಮಮ್ಮು" ಎಂದು ಅಳಲು ಕೂರುತ್ತಿತ್ತು. ಹೆಂಗಸರು ಸರದಿಯ ಮೇಲೆ ಅವಳ ಕೈಹಿಡಿದು ನೀರಿನ ಅಂಚಿಗೆ ಕರೆದೊಯ್ದು ತೆರೆ ತೋರಿಸುತ್ತಿದ್ದರು. ಅಳು ಕೇಳಲಾರದೆ ಹಮ್ಮಣ್ಣನೇ ಒಮ್ಮೆ ಬಾಳೆಹಣ್ಣು ಸುಲಿದು ಹಿಡಿದನಂತೆ, ಆಮೇಲೆ ಅದನ್ನು ಕಡಲಿಗೆ ಎಸೆದನಂತೆ. ಮೂರು ವರ್ಷದ ಮಗು ಹೊಟ್ಟೆ ತುಂಬಿತು ಎಂಬ ಸುಖವನ್ನು ಒಂದು ದಿನವೂ ಕಂಡಿರಲಿಲ್ಲ.

ಅರ್ಜಿ ಮುಂದೆ ಹೋಗುತ್ತಿತ್ತು. ಒಂದು ಪ್ರಮಾಣಪತ್ರ, ಅದಕ್ಕೊಂದು ಮುದ್ರೆ, ಆ ಮುದ್ರೆಗೊಂದು ಒಪ್ಪಿಗೆ. ಮೇ ಕೊನೆಯಲ್ಲಿ ಸಹಪಾಠಿ, "ಇನ್ನೆರಡು ತಿಂಗಳು ಹಿಡಿದುಕೋ" ಎಂದಳು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಬೋಟುಗಳೆಲ್ಲ ದಡಕ್ಕೆ ಬಂದಿದ್ದವು, ಗಣಪತಿ ಮನೆಯಲ್ಲೇ ಇದ್ದ. ಒಂದು ಗುರುವಾರ ಬೆಳಿಗ್ಗೆ ಮಗುವನ್ನು ಕಂಬಳಿಯಲ್ಲಿ ಹೊತ್ತು ತಂದ. ಎರಡು ದಿನದ ಜ್ವರ. ತುಟಿ ನೀಲಿಗೆ ತಿರುಗಿತ್ತು, ಪಕ್ಕೆ ಒಳಗೆಳೆದು ಉಸಿರಾಡುತ್ತಿದ್ದಳು. ಎರಡೂ ಪುಪ್ಪುಸದಲ್ಲಿ ನ್ಯುಮೋನಿಯಾ. ಆಮ್ಲಜನಕ ಹಚ್ಚಿ, ಇಂಜೆಕ್ಷನ್ ಕೊಟ್ಟು, ಕಾರವಾರಕ್ಕೆ ಒಯ್ಯಲು ಆಂಬುಲೆನ್ಸ್ ಕರೆದೆವು. ಅದು ಬರುವವರೆಗೆ ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಸಿಂಚನಾ ಮಾಸ್ಕನ್ನು ಕೈಯಿಂದ ಸರಿಸಿ, "ಮಮ್ಮು" ಎಂದಳು.

ಗಿರಿಜಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ಆ ಡಬ್ಬಿ. ಗಾಬರಿಯಲ್ಲೂ ಯಾರೋ ಅದರಲ್ಲಿ ಗಂಜಿ ತುಂಬಿ ಕೊಟ್ಟಿದ್ದರು. ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದಳು.

"ಕೊಡ್ಲಾ ಬಾಯಿ?"

ಉಸಿರಿಗೆ ಅಷ್ಟು ಕಷ್ಟಪಡುವ ಮಗುವಿಗೆ ಬಾಯಿಂದ ಏನೂ ಕೊಡಬಾರದು. ಉಸಿರಿನ ದಾರಿಗೆ ಇಳಿದರೆ ಅಪಾಯ. ಇದು ವೈದ್ಯಕೀಯ ಓದುವವರಿಗೆ ಮೊದಲೇ ಕಲಿಸುವ ಪಾಠ. ನಾನು ಮಗುವನ್ನು ಎತ್ತಿ ಕೂರಿಸಿ ಬೆನ್ನಿಗೆ ಕೈ ಕೊಟ್ಟೆ.

"ಗಂಜಿಯ ತಿಳಿನೀರು ಮಾತ್ರ. ತುಟಿಗೆ. ಎರಡು ಚಮಚ" ಎಂದೆ.

ಗಿರಿಜಕ್ಕ ಎರಡು ಚಮಚ ಕೊಟ್ಟಳು. ಮೂರನೆಯದಕ್ಕೆ ಮಗು ಬಾಯಿ ತೆರೆಯಿತು. ಗಿರಿಜಕ್ಕ ತಾನೇ ಡಬ್ಬಿಯ ಮುಚ್ಚಳ ಹಾಕಿದಳು.

ಕಾರವಾರದ ಆಸ್ಪತ್ರೆಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ಸಿಂಚನಾ ಹೋದಳು. ಭಾವಿಕೇರಿಗೆ ತಂದಾಗ ಮಳೆ ಸುರಿಯುತ್ತಿತ್ತು. ಹದಿನಾಲ್ಕು ಮನೆಯ ಗಂಡಸರೂ ಹೊರಲು ಬಂದಿದ್ದರು. ಚಪ್ಪರದ ಕೆಳಗೆ ಗಿರಿಜಕ್ಕ ಆಡಿದ ಮಾತನ್ನು ಅಲ್ಲಿ ಯಾರೂ ಮರೆತಿರಲಿಲ್ಲವೆಂದು ಕಾಣುತ್ತದೆ.

ಬುಧವಾರ ನನ್ನ ಸಹಪಾಠಿಗೆ ಔಷಧ ತಯಾರಕರ ಇ-ಮೇಲ್ ಬಂತು. ಅವಳು ಅದನ್ನು ನನಗೆ ಕಳಿಸಿದಳು. ಅರ್ಜಿ ಒಪ್ಪಿಗೆಯಾಗುವ ಹಂತದಲ್ಲಿದೆ, ಔಷಧದ ಪ್ರಮಾಣ ನಿಗದಿ ಮಾಡಲು ಮಗುವಿನ ಈಗಿನ ತೂಕ ತಿಳಿಸಿ ಎಂದಿತ್ತು. ನಾನು ಅದಕ್ಕೆ ಉತ್ತರ ಬರೆಯಲು ಕುಳಿತು ಏಳು ಸಲ ಅಳಿಸಿದೆ. ಕೊನೆಗೆ ಸಹಪಾಠಿಯೇ ಒಂದು ಸಾಲು ಬರೆದು ಮುಗಿಸಿದಳು.

ಆ ಎರಡು ಚಮಚದ ಬಗ್ಗೆ ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ. ನಾನೇ ಕೇಳಿಕೊಂಡಿದ್ದೇನೆ. ಬೇರೆ ಮಗುವಾಗಿದ್ದರೆ ಕೊಡುತ್ತಿರಲಿಲ್ಲ. ಅದು ಸರಿಯೋ ತಪ್ಪೋ ಎಂದು ಇಂದಿಗೂ ನನಗೆ ತೀರ್ಮಾನವಾಗಿಲ್ಲ. ಚೀಟಿ ಬರೆದದ್ದು ಮಾತ್ರ ತಪ್ಪು ಎಂದು ತೀರ್ಮಾನವಾಗಿದೆ. ದಪ್ಪ ಮಗುವನ್ನು ನೋಡಿದ ಕೂಡಲೇ ನಾವು ಡಾಕ್ಟರುಗಳು ತಾಯಿಯ ಕಡೆ ತಿರುಗುತ್ತೇವೆ, ನ್ಯಾಯಾಧೀಶರ ಹಾಗೆ. ಅಂದಿನಿಂದ ದವಾಖಾನೆ ಮುಚ್ಚುವವರೆಗೂ ನಾನು ತಾಯಂದಿರಿಗೆ "ಏನು ತಿನ್ನಿಸಿದಿರಿ" ಎಂದು ಮೊದಲು ಕೇಳಲಿಲ್ಲ. "ಏನು ನೋಡಿದಿರಿ" ಎಂದು ಕೇಳಿದೆ. ಹೇಳುತ್ತಾರೆ. ನಾವು ಸುಮ್ಮನಿದ್ದರೆ ಎಲ್ಲವನ್ನೂ ಹೇಳುತ್ತಾರೆ.

ಮೂರು ವರ್ಷದ ನಂತರ ನಾಗವೇಣಿಗೆ ಎರಡನೆಯ ಮಗುವಾಯಿತು. ಅದಕ್ಕೂ ಈ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಮೊದಲೇ ಹೇಳಿದ್ದೆವು. ಬಸಿರಿನಲ್ಲಿ ಪರೀಕ್ಷೆ ಮಾಡಿಸಲು ಅವಳು ಒಪ್ಪಲಿಲ್ಲ. ಹುಟ್ಟಿದ ಮೇಲೆ ರಕ್ತ ಕಳಿಸಿದೆವು. ವರದಿ ತಡವಾಗಿ ಬಂದು ಒಳ್ಳೆಯದನ್ನೇ ಹೇಳಿತು. ಆದರೆ ನಾನು ಹೇಳಬೇಕೆಂದಿರುವುದು ಅದು ಬರುವುದಕ್ಕೆ ಹದಿನೈದು ದಿನ ಮೊದಲಿನದು.

ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಮಗುವನ್ನು ತಂದಿದ್ದರು. ಚುಚ್ಚಿದ ಮೇಲೆ ಅಳು ನಿಲ್ಲಿಸಲು ನಾಗವೇಣಿ ಅದೇ ಬೆಂಚಿನ ಮೇಲೆ ಕುಳಿತು ಹಾಲು ಕೊಟ್ಟಳು. ಗಿರಿಜಕ್ಕ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. ಮಗು ಸ್ವಲ್ಪ ಹೊತ್ತು ಕುಡಿದು ಮೊಲೆ ಬಿಟ್ಟಿತು. ನಾಗವೇಣಿ ಮತ್ತೆ ಬಾಯಿಗೆ ಹಿಡಿದಳು. ಅದು ತುಟಿ ಬಿಗಿದುಕೊಂಡು ಮುಖ ಆಚೆ ತಿರುಗಿಸಿತು. ಇನ್ನೊಮ್ಮೆ ಹಿಡಿದಳು. ಇನ್ನೊಮ್ಮೆ ತಿರುಗಿಸಿತು, ಕಣ್ಣು ಮುಚ್ಚಿತು.

"ಬೇಡಂತೆ" ಎಂದಳು ಗಿರಿಜಕ್ಕ.

ಆಮೇಲೆ ಮಗುವನ್ನು ತೂಗಿದೆವು. ಐದು ಕಿಲೋ ಎಂಟುನೂರು. ಶೈಲಾ ಅದನ್ನು ಕಾರ್ಡಿನಲ್ಲಿ ಬರೆದು, ಗೆರೆಯ ಮೇಲೆ ಚುಕ್ಕೆ ಇಟ್ಟಳು.